ಕೆರೆ ದಂಡೆಯಲ್ಲಿ ಮಾರುವ ‘ಬಾತು ಆಹಾರ’ದ ಪೊಟ್ಟಣ: ಮರಿಗಳ ಜೊತೆಗಿಟ್ಟು ನೋಡಿದಾಗ

ನಮ್ಮ ಬಡಾವಣೆಯ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವವರನ್ನು ನೆಚ್ಚಿಕೊಂಡು ಎಳನೀರು, ಕಡಲೆಕಾಯಿ, ಬಿಸ್ಕತ್ತು ಮಾರುವ ಅಂಗಡಿಯೊಂದಿದೆ. ಕಳೆದ ಮಳೆಗಾಲದಿಂದ ಅಲ್ಲಿ 250 ಗ್ರಾಂ ತೂಕದ, ಹಸಿರು ಅಕ್ಷರಗಳ ಪೊಟ್ಟಣವೊಂದು ತೂಗುಬಿದ್ದಿದೆ. ಬೆಲೆ 60 ರೂಪಾಯಿ. ‘ಕೆರೆಯ ಬಾತುಗಳಿಗೂ ಮರಿಗಳಿಗೂ ಸಂಪೂರ್ಣ ಆಹಾರ’ ಎಂಬುದು ಅದರ ಮುಖದ ಮೇಲಿನ ಮಾತು. ಬ್ರೆಡ್ಡಿಗಿಂತ ಇದು ವಾಸಿ ಎಂದು ನಂಬಿ ಮಕ್ಕಳ ಕೈಗೆ ಕೊಡಿಸುವ ತಂದೆ ತಾಯಿಗಳು ಬಹಳ ಮಂದಿ. ಮೊದಲ ಪೊಟ್ಟಣವನ್ನು ನಾನು ಕೊಂಡದ್ದೂ ಅದೇ ನಂಬಿಕೆಯಿಂದಲೇ. ಇದೇ ಬಗೆಯ ಸರಕು ಬೇರೆ ಬೇರೆ ಹೆಸರುಗಳಲ್ಲಿ ಸಿಗುವುದರಿಂದ ತಯಾರಕರ ಹೆಸರನ್ನಾಗಲಿ ಅಂಗಡಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಹಣೆಪಟ್ಟಿ ಯಾವುದೇ ಇರಲಿ, ಒಳಗಿನ ಪದಾರ್ಥ ಹೆಚ್ಚುಕಡಿಮೆ ಒಂದೇ.

ಈ ವಿಮರ್ಶೆಗೆ ಮೂರು ಪೊಟ್ಟಣಗಳನ್ನು ಬಿಚ್ಚಿ ನೋಡಿದೆ. ಅವುಗಳಿಂದ ಒಂದು ಕಾಳನ್ನೂ ನಾನು ಕೆರೆಗೆ ಎಸೆಯಲಿಲ್ಲ. ಎಸೆಯುವ ಕೆಲಸವನ್ನು ಇತರರು ಧಾರಾಳವಾಗಿ ಮಾಡುತ್ತಿದ್ದುದರಿಂದ ಪಕ್ಕದಲ್ಲಿ ದುರ್ಬೀನು ಹಿಡಿದು ನಿಂತು ನೋಡಿದರೆ ಸಾಕಾಗಿತ್ತು. ನವೆಂಬರ್ ಕೊನೆಯಲ್ಲಿ ಕೆರೆಯ ಹಿನ್ನೀರಿನ ಜೇಕಿನ ಹುಲ್ಲಿನೊಳಗಿಂದ ಚುಕ್ಕೆ ಕೊಕ್ಕಿನ ಬಾತೊಂದು ಒಂಬತ್ತು ಮರಿಗಳೊಂದಿಗೆ ಹೊರಬಂದಿತ್ತು. ದಕ್ಷಿಣ ಭಾರತದಲ್ಲಿ ಈ ಬಾತು ಹೆಚ್ಚಾಗಿ ಮರಿ ಮಾಡುವುದು ಆ ತಿಂಗಳುಗಳಲ್ಲೇ, ಮಳೆ ಮುಗಿದು ಕೆರೆಯಂಗಳದಲ್ಲಿ ತೆಳುವಾದ ನೀರು ಹರಡಿಕೊಂಡಿರುವಾಗ. ಮರಿಗಳು ರೆಕ್ಕೆ ಬಲಿತು ಹಾರುವವರೆಗೆ, ಅಂದರೆ ಸುಮಾರು ಎರಡು ತಿಂಗಳು, ವಾರಕ್ಕೆ ಮೂರು ನಾಲ್ಕು ಬೆಳಗು ಮತ್ತು ಒಂದೆರಡು ಸಂಜೆ ಅವುಗಳನ್ನು ನೋಡಿದ್ದೇನೆ. ಬಾತುಮರಿಗಳ ಆಹಾರದ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ಹೆಚ್ಚಿನವು ಯೂರೋಪು ಮತ್ತು ಉತ್ತರ ಅಮೆರಿಕದ ಮಲ್ಲಾರ್ಡ್ ಬಾತಿನ ಕುರಿತಾದವು. ನಮ್ಮ ಚುಕ್ಕೆ ಕೊಕ್ಕಿನ ಬಾತು ಅದರ ಹತ್ತಿರದ ಬಂಧು, ಎರಡೂ ಅನಾಸ್ ಎಂಬ ಒಂದೇ ಕುಲಕ್ಕೆ ಸೇರಿದವು. ನಾನು ಏರಿಯ ಮೇಲಿಂದ ಕಂಡದ್ದಕ್ಕೂ ಆ ಅಧ್ಯಯನಗಳು ಹೇಳುವುದಕ್ಕೂ ಎಲ್ಲಿಯೂ ವಿರೋಧ ಕಾಣಲಿಲ್ಲ.

ಮೊದಲು ಪೊಟ್ಟಣದ ಒಳಗೇನಿದೆ ಎಂಬುದನ್ನು ಹೇಳಿಬಿಡುತ್ತೇನೆ. ಮುಸುಕಿನ ಜೋಳದ ಒಡಕು, ಅಕ್ಕಿ ನುಚ್ಚು, ತವುಡು, ಕಡಲೆಕಾಯಿ ಹಿಂಡಿ, ಸ್ವಲ್ಪ ಉಪ್ಪು, ‘ವಿಟಮಿನ್ ಮತ್ತು ಖನಿಜಗಳ ಮಿಶ್ರಣ’. ಇವೆಲ್ಲವನ್ನೂ ಒತ್ತಿ ಮಾಡಿದ ಕಂದು ಬಣ್ಣದ, ಹೆಸರುಕಾಳಿಗಿಂತ ತುಸು ದೊಡ್ಡದಾದ ಗುಳಿಗೆಗಳು. ಪ್ರೋಟೀನ್ ಶೇ. 14 ಎಂದು ಹಿಂಬದಿಯಲ್ಲಿ ಮುದ್ರಿಸಿದ್ದಾರೆ. ತಯಾರಿಸಿದ ದಿನಾಂಕದ ಜಾಗದಲ್ಲಿ ಶಾಯಿ ಅಳಿಸಿಹೋಗಿತ್ತು. ಹಣೆಪಟ್ಟಿಯ ಮೇಲಿನ ಚಿತ್ರವಂತೂ ಸಾಕುಬಾತಿನ ಹಳದಿ ಮರಿಯದು. ನಮ್ಮ ಕೆರೆಯ ಮರಿಗಳಿಗೆ ಬೆನ್ನು ಕಪ್ಪುಗಂದು, ನಡುವೆ ಹಳದಿ ಮಚ್ಚೆಗಳು, ಕಣ್ಣಿನ ಮೇಲೆ ಕಾಡಿಗೆ ಎಳೆದಂಥ ಗೆರೆ. ಚಿತ್ರ ಬರೆದವರು ಕೆರೆಯ ಬಾತನ್ನು ನೋಡಿರಲಿಲ್ಲ ಎಂಬುದನ್ನು ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಆಹಾರವನ್ನು ರೂಪಿಸಿದವರೂ ನೋಡಿರಲಿಲ್ಲ ಎನ್ನುವುದೇ ನನ್ನ ತಕರಾರು.

ಬಾತುಮರಿ ಎಂದರೆ ಚಿಕ್ಕ ಗಾತ್ರದ ಬಾತು, ಆದ್ದರಿಂದ ದೊಡ್ಡದು ತಿನ್ನುವುದನ್ನೇ ಸ್ವಲ್ಪ ಪುಡಿ ಮಾಡಿ ಕೊಟ್ಟರಾಯಿತು ಎಂಬ ಎಣಿಕೆಯ ಮೇಲೆ ಈ ಇಡೀ ಸರಕು ನಿಂತಿದೆ. ವಾಸ್ತವದಲ್ಲಿ ಮೊದಲ ಎರಡು ಮೂರು ವಾರಗಳ ಬಾತುಮರಿಯು ಕೀಟಭಕ್ಷಕ ಹಕ್ಕಿ. ಕಾಳು, ಬೀಜ, ಸೊಪ್ಪು ಎಂಬ ದೊಡ್ಡವರ ಊಟಕ್ಕೂ ಅದಕ್ಕೂ ಆಗ ಸಂಬಂಧವೇ ಇಲ್ಲವೆಂದರೂ ಸಲ್ಲುತ್ತದೆ.

ಮೊಟ್ಟೆಯೊಡೆದು ಬರುವ ಮರಿಯ ಹೊಟ್ಟೆಯೊಳಗೆ ಮೊಟ್ಟೆಯ ಹಳದಿಯ ಉಳಿಕೆಯಿರುತ್ತದೆ. ಮೊದಲ ಒಂದೆರಡು ದಿನ ಅದೇ ಬುತ್ತಿ. ಒಡಲಿನ ನೂಲುಗೂದಲು ಒಣಗಿದ ಮೇಲೆ, ಸಾಮಾನ್ಯವಾಗಿ ಒಂದು ದಿನದೊಳಗೆ, ತಾಯಿ ಮರಿಗಳನ್ನು ನೀರಿಗೆ ಕರೆದೊಯ್ಯುತ್ತದೆ. ಅಲ್ಲಿಂದ ಮುಂದೆ ಪ್ರತಿ ತುತ್ತನ್ನೂ ಮರಿ ತಾನೇ ಹುಡುಕಿಕೊಳ್ಳಬೇಕು. ಗುಬ್ಬಿಯಂತೆ, ಕಾಗೆಯಂತೆ ತಾಯಿ ಬಾಯಿಗೆ ತಂದಿಡುವ ಪದ್ಧತಿ ಬಾತುಗಳಲ್ಲಿಲ್ಲ. ತಾಯಿಯ ಕೆಲಸ ಒಳ್ಳೆಯ ಜಾಗಕ್ಕೆ ಕರೆದೊಯ್ಯುವುದು, ಕಾವಲು ಕಾಯುವುದು, ಚಳಿಯಾದಾಗ ರೆಕ್ಕೆಯಡಿ ಸೇರಿಸಿಕೊಳ್ಳುವುದು, ಇಷ್ಟೇ. ಮಲ್ಲಾರ್ಡ್ ಮರಿ ಹುಟ್ಟುವಾಗ 30ರಿಂದ 35 ಗ್ರಾಂ ತೂಗುತ್ತದೆ. 50ರಿಂದ 60 ದಿನಗಳಲ್ಲಿ ಹಾರುವ ಹೊತ್ತಿಗೆ ಅದರ ತೂಕ ಇಪ್ಪತ್ತು ಪಟ್ಟಿಗಿಂತ ಹೆಚ್ಚಾಗಿರುತ್ತದೆ. ಅಷ್ಟು ವೇಗದಲ್ಲಿ ಮಾಂಸಖಂಡವನ್ನೂ, ಅದರ ಬೆನ್ನಿಗೇ ಮೈತುಂಬ ಗರಿಯನ್ನೂ ಕಟ್ಟಿಕೊಳ್ಳಬೇಕಾದ ಜೀವಕ್ಕೆ ಪಿಷ್ಟದಿಂದ ಹೊಟ್ಟೆ ತುಂಬಬಹುದೇ ಹೊರತು ಮೈ ತುಂಬುವುದಿಲ್ಲ. ಗರಿ ಎಂಬುದು ಬಹುಪಾಲು ಕೆರಾಟಿನ್ ಎಂಬ ಪ್ರೋಟೀನೇ. ಅದಕ್ಕೆ ಗಂಧಕವಿರುವ ಅಮೈನೋ ಆಮ್ಲಗಳು ಬೇಕು, ಮತ್ತು ಅವು ಮುಸುಕಿನ ಜೋಳದಲ್ಲಿಯೂ ಕಡಲೆಕಾಯಿ ಹಿಂಡಿಯಲ್ಲಿಯೂ ಹೇಳಿಕೊಳ್ಳುವಷ್ಟು ಇಲ್ಲ.

ಹಾಗಾದರೆ ಆ ಮರಿಗಳು ತಿನ್ನುತ್ತಿದ್ದುದೇನು? ಮೊದಲ ವಾರ ನಾನು ಕಂಡದ್ದು ಬಹುತೇಕ ಒಂದೇ ದೃಶ್ಯ. ಮರಿಗಳು ನೀರಿನ ಮೇಲೆ ಗುಂಡು ಹಾರಿಸಿದ ಹಾಗೆ ಅತ್ತಿಂದಿತ್ತ ಓಡುತ್ತ, ಮೇಲ್ಮೈಯಿಂದ ಏನನ್ನೋ ಕುಕ್ಕುತ್ತ, ಜೇಕಿನ ಎಲೆಗಳ ತುದಿಗೆ ಕತ್ತು ಚಾಚುತ್ತ, ಒಮ್ಮೊಮ್ಮೆ ನೀರಿನಿಂದ ಅರ್ಧ ಮೇಲೆದ್ದು ಗಾಳಿಯಲ್ಲಿ ಹಾರುತ್ತಿದ್ದುದನ್ನು ಹಿಡಿಯುತ್ತಿದ್ದವು. ನಿಮಿಷಕ್ಕೆ ಎಷ್ಟು ಕುಕ್ಕು ಎಂದು ಎಣಿಸಲು ಹೋಗಿ ಎರಡು ಬಾರಿ ಲೆಕ್ಕ ತಪ್ಪಿ ಬಿಟ್ಟುಬಿಟ್ಟೆ. ಅವು ಹಿಡಿಯುತ್ತಿದ್ದುದು ಸೊಳ್ಳೆಯಂತೆಯೇ ಕಾಣುವ, ಆದರೆ ಕಚ್ಚದ, ಮಿಡ್ಜ್ ಎಂಬ ಪುಟ್ಟ ಕೀಟಗಳನ್ನು. ಸಂಜೆ ದೀಪ ಹೊತ್ತುವಾಗ ಏರಿಯ ಮರಗಳ ಮೇಲೆ ಹೊಗೆಯ ಕಂಬದಂತೆ ಎದ್ದು ತೂಗಾಡುತ್ತವಲ್ಲ, ಅವೇ. ಇವುಗಳ ಮರಿಹುಳುಗಳು ಕೆರೆಯ ತಳದ ಕೆಸರಿನಲ್ಲಿ ಸಣ್ಣ ಸಣ್ಣ ಕೊಳವೆ ಕಟ್ಟಿಕೊಂಡು ಬದುಕುತ್ತವೆ. ಹಲವು ಜಾತಿಗಳ ಹುಳುಗಳು ಕಡುಗೆಂಪು. ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಅವುಗಳಲ್ಲಿಯೂ ಇರುವುದೇ ಆ ಕೆಂಪಿಗೆ ಕಾರಣ, ಮತ್ತು ಉಸಿರುಗಾಳಿ ಕಡಿಮೆಯಿರುವ ಕೊಳೆತ ಕೆಸರಿನಲ್ಲಿಯೂ ಅವು ಬದುಕಿ ಉಳಿಯಲು ಅದೇ ಆಸರೆ. ಬೆಳೆದ ಹುಳು ಕೋಶಾವಸ್ಥೆಗೆ ಬಂದು, ತಳದಿಂದ ಮೇಲೇರಿ, ನೀರಿನ ಚರ್ಮಕ್ಕೆ ಅಂಟಿಕೊಂಡು, ಬೆನ್ನು ಬಿರಿದು ರೆಕ್ಕೆಯ ಕೀಟವಾಗಿ ಹೊರಬರುತ್ತದೆ. ಆ ಅಷ್ಟು ಹೊತ್ತು ಅದು ಓಡಲಾರದು, ಹಾರಲಾರದು, ಅಡಗಲಾರದು. ಮುಳುಗಲು ಬಾರದ, ಕೊಕ್ಕು ಇನ್ನೂ ಮೆದುವಾಗಿರುವ ಮೂರು ದಿನದ ಬಾತುಮರಿಗೆ ಇದಕ್ಕಿಂತ ಸುಲಭದ ತುತ್ತು ಜೌಗಿನಲ್ಲಿ ಬೇರೊಂದಿಲ್ಲ.

ಒಣತೂಕದಲ್ಲಿ ಇಂಥ ಕೀಟಗಳ ಅರ್ಧಕ್ಕಿಂತ ಹೆಚ್ಚು ಭಾಗ ಪ್ರೋಟೀನ್. ಪೊಟ್ಟಣದಲ್ಲಿರುವುದು ಶೇ. 14. ಸಾಕುಬಾತಿನ ಮರಿಗಳಿಗೆ ಮೊದಲ ಎರಡು ವಾರ ಶೇ. 22ರಷ್ಟು, ಅಲ್ಲಿಂದ ಏಳನೆಯ ವಾರದವರೆಗೆ ಶೇ. 16ರಷ್ಟು ಪ್ರೋಟೀನ್ ಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 1994ರಲ್ಲಿ ಗೊತ್ತುಪಡಿಸಿದೆ. ಅಂದರೆ ಕೆರೆಯ ಮಾತು ಬಿಡಿ, ಕೊಟ್ಟಿಗೆಯ ಮರಿಗೂ ಈ ಪೊಟ್ಟಣ ಸಾಲದು. ನಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಕೂಡ ಕೋಳಿಮರಿಗಿಂತ ಬಾತುಮರಿಗೆ ಹೆಚ್ಚು ಬೇಕಾಗುತ್ತದೆ. ಕಡಿಮೆಯಾದರೆ ಕಾಲು ಸೊಟ್ಟಗಾಗುತ್ತದೆ. ಮುಸುಕಿನ ಜೋಳದಲ್ಲಿರುವ ನಯಾಸಿನ್ ಬಹುಪಾಲು ದೇಹಕ್ಕೆ ದಕ್ಕದ ರೂಪದಲ್ಲಿರುವುದರಿಂದ, ಜೋಳವನ್ನೇ ಬುನಾದಿ ಮಾಡಿಕೊಂಡ ಆಹಾರಕ್ಕೆ ಅದನ್ನು ಬೇರೆಯಾಗಿಯೇ ಸೇರಿಸಬೇಕು. ‘ವಿಟಮಿನ್ ಮಿಶ್ರಣ’ ಎಂಬ ಮಾತಿನಡಿ ಅದು ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆಯೋ, ಹಣೆಪಟ್ಟಿ ಬಾಯಿ ಬಿಡುವುದಿಲ್ಲ.

ಆದರೆ ಪೊಟ್ಟಣದ ಸೋಲು ಪ್ರೋಟೀನಿನ ಲೆಕ್ಕಕ್ಕೂ ಮೊದಲೇ ಆಗಿಹೋಗಿರುತ್ತದೆ, ಏಕೆಂದರೆ ಎಳೆಯ ಮರಿಗಳು ಈ ಗುಳಿಗೆಯನ್ನು ತಿನಿಸೆಂದು ಗುರುತಿಸುವುದೇ ಇಲ್ಲ. ಡಿಸೆಂಬರ್ ಮೊದಲ ವಾರ, ಮರಿಗಳಿಗೆ ಹತ್ತು ದಿನ ತುಂಬಿರಬಹುದು, ಒಂದು ಕುಟುಂಬದವರು ಮೆಟ್ಟಿಲ ಬಳಿ ನಿಂತು ಎರಡು ಹಿಡಿ ಗುಳಿಗೆಗಳನ್ನು ಮರಿಗಳತ್ತ ಎರಚಿದರು. ಬಿದ್ದ ಸದ್ದಿಗೆ ಮರಿಗಳು ಬೆದರಿ ತಾಯಿಯ ಮೈಗೆ ಅಂಟಿಕೊಂಡವು. ತುಸು ಹೊತ್ತಿನ ಮೇಲೆ ಎರಡು ಮರಿಗಳು ಬಂದು ತೇಲುವ ಗುಳಿಗೆಯೊಂದನ್ನು ಮುಟ್ಟಿ ನೋಡಿ ಬಿಟ್ಟುಹೋದವು. ಅದೇ ಮರಿಗಳು ಪಕ್ಕದಲ್ಲೇ ಹಾಯುತ್ತಿದ್ದ ನೀರುಜೇಡವನ್ನು ಬೆನ್ನಟ್ಟಿ ಹಿಡಿದವು. ಅಲುಗಾಡುವುದು, ಮಿನುಗುವುದು, ಹಿನ್ನೆಲೆಯಿಂದ ಬೇರೆಯಾಗಿ ಕಾಣುವುದು, ಇವೇ ಆ ವಯಸ್ಸಿನಲ್ಲಿ ಊಟದ ಗುರುತುಗಳು. ಬಣ್ಣಕ್ಕೂ ಪಾತ್ರವಿದೆ. ಇಂಗ್ಲೆಂಡಿನ ಸ್ಲಿಂಬ್ರಿಜ್‌ನಲ್ಲಿ ಬಾತು, ಹೆಬ್ಬಾತುಗಳ ಮೇಲೆ ಕೆಲಸ ಮಾಡಿದ ಜಾನೆಟ್ ಕಿಯರ್ 1964ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಏನನ್ನೂ ತಿಂದು ಗೊತ್ತಿಲ್ಲದ ಮರಿಗಳು ಬಣ್ಣಬಣ್ಣದ ಚುಕ್ಕೆಗಳ ನಡುವೆ ಹೆಚ್ಚಾಗಿ ಹಸಿರನ್ನೇ ಕುಕ್ಕಿದ್ದವು. ಹಸಿರು ಬಣ್ಣವನ್ನು ನಮ್ಮ ತಯಾರಕರು ಪೊಟ್ಟಣಕ್ಕೆ ಬಳಿದಿದ್ದಾರೆ. ಗುಳಿಗೆ ಕಂದಾಗಿಯೇ ಉಳಿದಿದೆ.

ಮಧ್ಯೆ ಒಂದು ಮಾತು. ಡಿಸೆಂಬರ್ ಎರಡನೆಯ ವಾರ ವಾಯುಭಾರ ಕುಸಿತದಿಂದ ಮೂರು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದಿತ್ತು. ನೂಲುಗೂದಲು ಮಾತ್ರವಿರುವ ಮರಿಗಳು ಮೈ ಬಿಸಿಯನ್ನು ತಾವಾಗಿ ಪೂರ್ತಿ ಕಾಯ್ದುಕೊಳ್ಳಲಾರವು. ತಾಯಿಯಡಿ ಹೆಚ್ಚು ಹೊತ್ತು ಕೂರಬೇಕಾದರೆ ಮೇಯುವ ಹೊತ್ತು ಕಡಿಮೆಯಾಗುತ್ತದೆ, ಅತ್ತ ಚಳಿಗೆ ಕೀಟಗಳೂ ನೀರಿನಿಂದ ಏಳುವುದಿಲ್ಲ. ಹೀಗೆ ಎರಡೂ ಕಡೆಯಿಂದ ಕತ್ತರಿ ಬೀಳುತ್ತದೆ. ಮಳೆ ಬಿಟ್ಟ ಬೆಳಗ್ಗೆ ಎಣಿಸಿದಾಗ ಒಂಬತ್ತು ಮರಿಗಳಲ್ಲಿ ಆರು ಉಳಿದಿದ್ದವು. ಎರಡು ದಿನ ಮೊದಲು ಹದ್ದೊಂದು ಸುತ್ತುತ್ತಿದ್ದುದನ್ನೂ ನೋಡಿದ್ದೆನಾದ್ದರಿಂದ ಎಲ್ಲವನ್ನೂ ಮಳೆಯ ತಲೆಗೆ ಕಟ್ಟಲಾರೆ. ಅದೇ ವಾರ ಬಡಾವಣೆಯವರು ಸೊಳ್ಳೆಯ ಕಾಟವೆಂದು ದೂರು ಕೊಟ್ಟು ಏರಿಯ ಉದ್ದಕ್ಕೂ ಹೊಗೆ ಹಾಕಿಸಿದರು. ದೂರಿಗೆ ಸಹಿ ಹಾಕಿದವರಲ್ಲಿ ಪೊಟ್ಟಣ ಕೊಳ್ಳುವವರೂ ಇದ್ದರು. ಕಚ್ಚದ ಮಿಡ್ಜ್‌ಗೂ ಕಚ್ಚುವ ಸೊಳ್ಳೆಗೂ ಹೊಗೆ ಭೇದವೆಣಿಸುವುದಿಲ್ಲ.

ಮರಿ ಬೆಳೆದಂತೆ ಊಟದ ಆಳವೂ ಬದಲಾಗುತ್ತದೆ, ಮತ್ತು ಇದನ್ನು ಕಣ್ಣಾರೆ ನೋಡುವುದೊಂದು ಸೊಗಸು. ಮೊದಲು ಮೇಲ್ಮೈ ಮಾತ್ರ. ಎರಡನೆಯ ವಾರ ಕೊಕ್ಕು, ಆಮೇಲೆ ಕಣ್ಣಿನ ತನಕ ತಲೆ, ನೀರಿಗಿಳಿಯುತ್ತದೆ. ಮೂರನೆಯ ವಾರದ ಹೊತ್ತಿಗೆ ಕತ್ತು ಪೂರ್ತಿ ಅದ್ದಿ, ಬಾಲ ಆಕಾಶಕ್ಕೆ ಮಾಡಿ ತಲೆಕೆಳಗಾಗುವ ಆಟ ಶುರುವಾಗುತ್ತದೆ. ಆರಂಭದಲ್ಲಿ ಮರಿಗಳು ಬುಡಮೇಲಾಗಿ ಬೆಂಡಿನಂತೆ ಪುಟಿದು ಹಿಂದಕ್ಕೆ ಬೀಳುತ್ತಿದ್ದುದು ನೋಡುವಂತಿತ್ತು. ಮೆನುವೂ ಅದರಂತೆಯೇ ಬದಲಾಗುತ್ತದೆ. ನೀರಿನ ನಡುವೆ ತೇಲುವ ನೀರುಚಿಗಟಗಳು, ಹುಟ್ಟು ಹಾಕಿದಂತೆ ಈಜುವ ನೀರುತಿಗಣೆಗಳು, ಏರೋಪ್ಲೇನ್ ಚಿಟ್ಟೆಗಳ ಮರಿಗಳು, ನೀರುಜೀರುಂಡೆಗಳು, ಜಲಸಸ್ಯಗಳಿಗೆ ಅಂಟಿಕೊಂಡ ತೆಳುಚಿಪ್ಪಿನ ಬಸವನಹುಳುಗಳು ಒಂದಾದ ಮೇಲೊಂದರಂತೆ ಎಟುಕಿಗೆ ಬರುತ್ತವೆ. ಬಸವನಹುಳುವಿನಿಂದ ಪ್ರೋಟೀನಿನ ಜೊತೆಗೆ ಚಿಪ್ಪಿನ ಸುಣ್ಣವೂ ಸಿಗುತ್ತದೆ. ಬೆಳೆಯುವ ಮೂಳೆಗೆ ಅದು ಬೇಕು. ಇದೇ ಹೊತ್ತಿನಲ್ಲಿ ಕೊಕ್ಕಿನ ಅಂಚಿನ ಬಾಚಣಿಗೆಯಂಥ ಹಲ್ಲುಗಳು ಬಲಿತು, ನೀರನ್ನು ಹೀರಿ ಹೊರಬಿಟ್ಟು ಒಳಗೆ ಉಳಿದದ್ದನ್ನು ನುಂಗುವ ಜರಡಿಯ ವಿದ್ಯೆ ಕೈಗೂಡುತ್ತದೆ. ದಂಡೆಯ ಕೆಸರಿನಲ್ಲಿ ಕೊಕ್ಕನ್ನು ಚಪ್ಪಟೆಯಾಗಿ ಊರಿ ಚಪಚಪ ಸದ್ದು ಮಾಡುತ್ತ ನಡೆಯುವ ಮರಿಯನ್ನು ಕಂಡಿದ್ದರೆ, ಅದು ಮಾಡುತ್ತಿದ್ದ ಕೆಲಸ ಇದೇ.

ಮರಿಗಳ ವಯಸ್ಸನ್ನು ದೂರದಿಂದ ಅಳೆಯಲು ಗಾಲಪ್ ಮತ್ತು ಮಾರ್ಷಲ್ ಎಂಬವರು 1954ರಲ್ಲಿ ಮಾಡಿದ ವಿಂಗಡಣೆಯನ್ನೇ ಪಕ್ಷಿವೀಕ್ಷಕರು ಇಂದಿಗೂ ಬಳಸುತ್ತಾರೆ: ಬರಿಯ ನೂಲುಗೂದಲಿನ ಮರಿ ಮೊದಲ ದರ್ಜೆ, ನೂಲು ಮತ್ತು ಗರಿ ಬೆರೆತದ್ದು ಎರಡನೆಯದು, ಮೈತುಂಬ ಗರಿ ಬಂದೂ ಹಾರಲಾರದ್ದು ಮೂರನೆಯದು. ಪೊಟ್ಟಣಕ್ಕೆ ಅಂಕ ಕೊಡಲು ನಾನೂ ಇದನ್ನೇ ಬಳಸಿದೆ. ಮೊದಲ ದರ್ಜೆಯಲ್ಲಿ ಅದು ನಿರುಪಯೋಗಿ. ಎರಡನೆಯ ದರ್ಜೆಯಲ್ಲಿ, ಅಂದರೆ ಸರಿಸುಮಾರು ನಾಲ್ಕನೆಯ ವಾರದಿಂದ, ಮರಿಗಳು ಗುಳಿಗೆಯನ್ನು ತಿನ್ನತೊಡಗಿದವು. ತಿಂದು ಹೊಟ್ಟೆ ತುಂಬಿದ ಬೆಳಗುಗಳಲ್ಲಿ ಕೆಸರಿನ ಕಡೆಗೆ ಹೋಗುವುದನ್ನು ತಡಮಾಡುತ್ತಿದ್ದುದೂ ಕಂಡಿತು. ಗರಿ ಮೂಡುವ ಹೊತ್ತಿನಲ್ಲಿ ಹೀಗಾಗುವುದನ್ನು ನಾನು ಗುಣವೆಂದು ಬರೆಯಲಾರೆ. ಮೂರನೆಯ ದರ್ಜೆಯಲ್ಲಿ ಮಾತ್ರ ಪೊಟ್ಟಣದ ಪಕ್ಷ ವಹಿಸಿ ಒಂದೆರಡು ಮಾತು ಹೇಳಬಹುದು. ಮಲ್ಲಾರ್ಡ್ ಮರಿಗಳು ವಯಸ್ಸಾದಂತೆ ಪ್ರಾಣಿಜನ್ಯ ಆಹಾರದಿಂದ ಸಸ್ಯಾಹಾರಕ್ಕೆ ಹೊರಳುತ್ತವೆ ಎಂಬುದನ್ನು ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಚೂರಾ ಅವರ ಅಧ್ಯಯನ ತೋರಿಸಿತ್ತು. ನಮ್ಮ ಮರಿಗಳೂ ಆರನೆಯ ವಾರದಲ್ಲಿ ನೀರಿನ ಮೇಲೆ ಹಾಸಿದ ಡಕ್‌ವೀಡ್‌ನ ಹಸಿರು ಕಾಳುಗಳನ್ನು ಬಾಚುತ್ತಿದ್ದವು, ಹೈಡ್ರಿಲ್ಲಾ ಎಂಬ ನೀರುಗಿಡದ ಎಳೆ ಕುಡಿಗಳನ್ನು ಎಳೆಯುತ್ತಿದ್ದವು, ಜೇಕು ಮತ್ತು ಕಾಡುಹುಲ್ಲುಗಳ ಉದುರಿದ ಬೀಜಗಳಿಗಾಗಿ ಕೆಸರನ್ನು ಜರಡಿ ಹಿಡಿಯುತ್ತಿದ್ದವು, ಸಂಜೆ ತಾಯಿಯ ಹಿಂದೆ ಏರಿಯ ಕೆಳಗಿನ ಕೊಯ್ಲಾದ ಗದ್ದೆಗೆ ಇಳಿದು ಉದುರಿದ ಭತ್ತ ಹುಡುಕುತ್ತಿದ್ದವು. ಅಂಥ ಹೊಟ್ಟೆಗೆ ನುಚ್ಚು ಮತ್ತು ಜೋಳ ಅಪರಿಚಿತವಲ್ಲ. ಬ್ರೆಡ್ಡಿನ ಜೊತೆ ಹೋಲಿಸಿದರೆ ಗುಳಿಗೆಯೇ ಮೇಲು ಎಂಬುದನ್ನೂ ಒಪ್ಪುತ್ತೇನೆ. ಆದರೆ ಆ ವಯಸ್ಸಿನಲ್ಲಿ ಅವಕ್ಕೆ ಕೆರೆಯಲ್ಲಿ ಆಹಾರದ ಕೊರತೆಯೇ ಇರುವುದಿಲ್ಲವಲ್ಲ! ಬೇಕಾದಾಗ ಒಗ್ಗದ, ಒಗ್ಗುವಾಗ ಬೇಡವಾದ ಪದಾರ್ಥಕ್ಕೆ 60 ರೂಪಾಯಿ ಕೊಡುವುದು ಯಾಕೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಕಾಳು ಬೀಜಗಳನ್ನು ಅರಗಿಸಲು ಬಾತಿನ ಹೊಟ್ಟೆಯಲ್ಲಿ ಮಾಂಸದ ಬೀಸುವ ಕಲ್ಲಿನಂಥ ಜಠರವಿದೆ, ಅದಕ್ಕೆ ಮರಳು ಮತ್ತು ಸಣ್ಣ ಹರಳುಗಳು ಬೇಕು. ಪೊಟ್ಟಣದಲ್ಲಿ ಹರಳು ಇಲ್ಲ. ಇರಬೇಕಾಗಿಯೂ ಇಲ್ಲ, ಕೆರೆಯಲ್ಲಿ ಮರಳಿಗೆ ಬರವಿಲ್ಲ.

ಇನ್ನು ಸರಕಿನ ಗುಣಮಟ್ಟ. ಮನೆಯ ಹಿತ್ತಲಿನಲ್ಲಿ ಬಕೆಟ್ಟಿಗೆ ಕೆರೆಯ ನೀರು ತುಂಬಿ ಒಂದು ಹಿಡಿ ಗುಳಿಗೆ ಹಾಕಿದೆ. ಹಣೆಪಟ್ಟಿಯಲ್ಲಿ ‘ತೇಲುವ’ ಎಂಬ ವಿಶೇಷಣವಿದೆ. ಕಾಲು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಮುಳುಗಿ ಹಿಟ್ಟಾಯಿತು. ಮರುದಿನ ನೀರು ಬಿಳಿಚಿತು, ಮೂರನೆಯ ದಿನ ಮೇಲೆ ಎಣ್ಣೆಯ ಪೊರೆ ಕಟ್ಟಿ ಹುಳಿನಾತ ಬಂತು. ಒಂದು ಬಕೆಟ್ಟಿನ ಮಾತಾದರೆ ಚೆಲ್ಲಿಬಿಡಬಹುದು. ಭಾನುವಾರವೊಂದರಲ್ಲೇ ಹತ್ತಾರು ಪೊಟ್ಟಣ ಬೀಳುವ ಮೆಟ್ಟಿಲ ಬದಿಯ ನಿಂತ ನೀರಿನಲ್ಲಿ ಇದೇ ಕ್ರಿಯೆ ನಡೆಯುತ್ತದೆ. ಕೊಳೆಯುವ ಪದಾರ್ಥ, ಉಸಿರುಗಾಳಿ ಇಲ್ಲದ ಕೆಸರು, ಬಿಸಿಲು ಮೂರೂ ಸೇರಿದಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ವಿಷ ಉಗುಳುತ್ತದೆ; ನೀರುಹಕ್ಕಿಗಳು ಕತ್ತು ಎತ್ತಲಾರದೆ ಸಾಮೂಹಿಕವಾಗಿ ಸಾಯುವ ಬಾಟುಲಿಸಂ ರೋಗಕ್ಕೆ ಕಾರಣ ಅದೇ. ನಮ್ಮ ಕೆರೆಯಲ್ಲಿ ಹಾಗಾಗಿದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಬೇಕಾದ ಸಾಮಗ್ರಿಯನ್ನು ಪೊಟ್ಟಣದಲ್ಲಿ ಕಟ್ಟಿ ಮಾರುವುದು ಬೇಡವೆನ್ನುತ್ತೇನೆ.

ಎರಡನೆಯ ಪೊಟ್ಟಣ ಇದಕ್ಕಿಂತ ಕೆಟ್ಟದಾಗಿತ್ತು. ಬಿಚ್ಚಿದರೆ ಮುಗ್ಗಲು ವಾಸನೆ, ಮೂಲೆಯಲ್ಲಿ ಗುಳಿಗೆಗಳು ಒಂದಕ್ಕೊಂದು ಅಂಟಿ ಹಸಿರುಹಳದಿ ಬೂಷ್ಟು ಹಿಡಿದಿದ್ದವು. ಕಡಲೆಕಾಯಿ ಹಿಂಡಿ ಇರುವ ಆಹಾರದಲ್ಲಿ ಬೂಷ್ಟು ಕಂಡಾಗ, ಅದೂ ಬಾತುಮರಿಗೆಂದು ಮಾರುವ ಆಹಾರದಲ್ಲಿ, ನಗುತ್ತ ಕೂರುವಂತಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಿದ್ದವು, ಬಾತುಮರಿಗಳೂ ಸತ್ತವು. ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಆಹಾರದಲ್ಲಿ ಬೆರೆಸಿದ್ದ, ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿ, ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು, ಅದು ಉತ್ಪಾದಿಸುವ ಅಫ್ಲಟಾಕ್ಸಿನ್ ಎಂಬ ಯಕೃತ್ತಿನ ವಿಷ. ಈ ವಿಷಕ್ಕೆ ಬಾತುಮರಿಗಳು ಎಷ್ಟು ಸೂಕ್ಷ್ಮವೆಂದರೆ, ಆಹಾರದಲ್ಲಿ ಅದು ಇದೆಯೇ ಎಂದು ಪರೀಕ್ಷಿಸಲು ಆ ಕಾಲದ ಪ್ರಯೋಗಾಲಯಗಳಲ್ಲಿ ಒಂದು ದಿನದ ಬಾತುಮರಿಯನ್ನೇ ಬಳಸುತ್ತಿದ್ದರು. ನನ್ನ ಪೊಟ್ಟಣದ ಬೂಷ್ಟು ಅದೇ ಜಾತಿಯದೆಂದು ಕಣ್ಣಳತೆಯಿಂದ ಹೇಳಲಾಗುವುದಿಲ್ಲ. ಅಂಗಡಿಯವರಿಗೆ ತೋರಿಸಿದಾಗ ‘ಹಕ್ಕಿಗೆ ತಾನೇ ಸಾರ್’ ಎಂದರು. ಆಮೇಲೆ, ಅವರ ಸಜ್ಜನಿಕೆಗೆ ಅನ್ಯಾಯವಾಗಬಾರದು, ಬೇರೆ ಪೊಟ್ಟಣ ಕೊಟ್ಟರು. ಅದೇ ನನ್ನ ಮೂರನೆಯದು. ಮಳೆಯ ಇರಚಲು ಬೀಳುವಲ್ಲಿ, ತೆಳು ಪ್ಲಾಸ್ಟಿಕ್ಕಿನಲ್ಲಿ, ತಿಂಗಳುಗಟ್ಟಲೆ ತೂಗುಹಾಕಿದ ಹಿಂಡಿಗೆ ಬೂಷ್ಟು ಬರುವುದು ಅಂಗಡಿಯವರೊಬ್ಬರ ತಪ್ಪಲ್ಲ, ತೇವ ತಡೆಯದ ಪೊಟ್ಟಣ ಮಾಡಿದವರ ತಪ್ಪೂ ಹೌದು.

ಎಸೆದ ಗುಳಿಗೆ ಕೊನೆಗೆ ಯಾರ ಹೊಟ್ಟೆ ಸೇರುತ್ತಿತ್ತೆಂಬುದನ್ನೂ ಗಮನಿಸಿದೆ. ಮೆಟ್ಟಿಲ ಮೇಲೆ ಬಿದ್ದದ್ದು ಗೊರವಂಕ, ಪಾರಿವಾಳ, ಅಳಿಲುಗಳಿಗೆ. ನೀರಿಗೆ ಬಿದ್ದದ್ದರಲ್ಲಿ ದೊಡ್ಡ ಪಾಲು ಮೀನುಗಳಿಗೆ. ಗುಳಿಗೆ ಬಿದ್ದೊಡನೆ ಸಾಮಾನ್ಯ ಗೆಂಡೆಗಳು ಬಾಯಿ ತೆರೆದು ಮೇಲೆ ಬರುವುದನ್ನು ನೋಡಲೆಂದೇ ಮಕ್ಕಳು ಎಸೆಯುತ್ತಾರೆಂಬುದು ನನ್ನ ಗುಮಾನಿ. ಇದರಿಂದ ಬಾತುಮರಿಗೆ ನಷ್ಟವೇನು ಎನ್ನಬಹುದು. ತಳದ ಕೆಸರನ್ನು ಕೆದಕಿ ಮಿಡ್ಜ್ ಹುಳುಗಳನ್ನು ತಿನ್ನುವುದು ಗೆಂಡೆಯ ಕಸುಬು. ಕೆದಕಿದ ಕೆಸರಿನಿಂದ ನೀರು ಬಗ್ಗಡವಾದರೆ ಬೆಳಕು ಇಳಿಯದೆ ಜಲಸಸ್ಯಗಳೂ ಸೊರಗುತ್ತವೆ, ಸಸ್ಯಗಳಿಲ್ಲದೆ ಬಸವನಹುಳು ಮತ್ತು ನೀರುತಿಗಣೆಗಳಿಗೆ ನೆಲೆಯಿಲ್ಲ. ಇಂಗ್ಲೆಂಡಿನ ಗ್ರೇಟ್ ಲಿನ್‌ಫೋರ್ಡ್ ಎಂಬಲ್ಲಿ, ಜಲ್ಲಿ ತೆಗೆದು ಬಿಟ್ಟ ಹೊಂಡಗಳು ಕೆರೆಯಾದ ಜಾಗದಲ್ಲಿ, 1980ರ ದಶಕದ ಕೊನೆಗೆ ಮೀನುಗಳನ್ನು ಹಿಡಿದು ಹೊರಹಾಕಿ ನೋಡಿದ್ದರು. ನೀರಿನ ಕೀಟಗಳು ಮತ್ತು ಸಸ್ಯಗಳು ಮರಳಿ ಬಂದವು, ಬಾತುಮರಿಗಳಿಗೂ ಮೇವು ಹೆಚ್ಚಿತು. ಅಂದರೆ ಮರಿಗೂ ಮೀನಿಗೂ ತಟ್ಟೆ ಒಂದೇ, ಮತ್ತು ನಾವು ಮರಿಯ ಹೆಸರಿನಲ್ಲಿ ಬಡಿಸುತ್ತಿರುವುದು ಮೀನಿಗೆ. ಇನ್ನೊಂದು ಅಪಾಯವೂ ಇದೆ. ಊಟ ಬೀಳುವ ಜಾಗವೆಂದು ಗುರುತಾದಲ್ಲಿ ಕಾಗೆಗಳು ಕಾದು ಕೂರುತ್ತವೆ, ಬೀದಿನಾಯಿಗಳು ಸುಳಿಯುತ್ತವೆ. ನಾಲ್ಕನೆಯ ವಾರದ ನಂತರ ಮರಿಗಳು ಮೆಟ್ಟಿಲ ಬಳಿಗೆ ಬರುವುದು ರೂಢಿಯಾಗಿತ್ತು. ಆರರಲ್ಲಿ ಒಂದು ಮರಿ ಅಲ್ಲಿಯೇ, ಬೆಳಗಿನ ಏಳು ಗಂಟೆಗೆ, ನಾಯಿಯ ಬಾಯಿಗೆ ಸಿಕ್ಕಿತು. ಕೈಯಲ್ಲಿ ಗುಳಿಗೆ ಹಿಡಿದಿದ್ದ ಮಗು ಅದನ್ನು ನೋಡಿತು.

ಕೊಳ್ಳಬಯಸುವವರು ಕೇಳಬಹುದಾದ ಒಂದೆರಡು ಪ್ರಶ್ನೆಗಳಿಗೆ ಉತ್ತರ. ತಾಯಿ ತಪ್ಪಿಸಿಕೊಂಡ ಮರಿ ಸಿಕ್ಕಿದರೆ ಇದನ್ನು ಕೊಟ್ಟು ಸಾಕಬಹುದೇ? ಬೇಡ. ಕಾಡುಬಾತುಗಳನ್ನು ಹಿಡಿದಿಟ್ಟುಕೊಳ್ಳುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಒಪ್ಪುವುದಿಲ್ಲ; ತಾಯಿ ಹತ್ತಿರದಲ್ಲೇ ಇರುವ ಸಂಭವವೇ ಹೆಚ್ಚಾದ್ದರಿಂದ ದೂರ ಸರಿದು ಕಾಯಬೇಕು, ಬಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮನೆಯ ಸಾಕುಬಾತಿನ ಮರಿಗಳಿಗೆ? ಎರಡು ವಾರ ತುಂಬುವವರೆಗೆ ಶೇ. 20ರಿಂದ 22 ಪ್ರೋಟೀನ್ ಇರುವ ಪುಡಿ ಆಹಾರವನ್ನು ಕೋಳಿ ಆಹಾರದ ಅಂಗಡಿಗಳಲ್ಲೇ ಕೇಳಿ ತರಬಹುದು, ಕಿಲೋ ಲೆಕ್ಕದಲ್ಲಿ ಇದರ ಕಾಲುಭಾಗದ ಬೆಲೆಯೂ ಆಗುವುದಿಲ್ಲ. 250 ಗ್ರಾಂಗೆ 60 ಎಂದರೆ ಕಿಲೋಗೆ 240 ರೂಪಾಯಿ. ನುಚ್ಚು ತವುಡಿಗೆ ಇದು ಬಂಗಾರದ ಬೆಲೆ. ಮರಿಗಳಿಗೆ ಏನಾದರೂ ಮಾಡಲೇಬೇಕೆನಿಸಿದವರು ಕೆರೆ ಅಭಿವೃದ್ಧಿಯ ಸಭೆಗಳಲ್ಲಿ ದಂಡೆಯ ಸುತ್ತ ಕಡಿದಾದ ಕಲ್ಲು ಕಟ್ಟುವ ಪ್ರಸ್ತಾಪ ಬಂದಾಗ ಹಿನ್ನೀರಿನ ಕಡೆಯ ಇಳಿಜಾರನ್ನಾದರೂ ಹಾಗೇ ಬಿಡಿ ಎಂದು ಕೇಳಬಹುದು. ಮೊಣಕಾಲೂ ಮುಳುಗದ ಆ ತೆಳುನೀರು, ಜೇಕು, ಕೆಸರು ಇವೇ ಮರಿಗಳ ಅಡುಗೆಮನೆ. ನಾನು ನೋಡಿದ ಎರಡು ತಿಂಗಳಲ್ಲಿ ಮರಿಗಳು ಹೊಟ್ಟೆ ತುಂಬಿಸಿಕೊಂಡ ಜಾಗ ಬಹುಮಟ್ಟಿಗೆ ಅದೊಂದೇ.

ಅಂಕಗಳು: ಎಳೆಯ ಮರಿಗಳಿಗೆ ಐದಕ್ಕೆ ಸೊನ್ನೆ, ಬೆಳೆದ ಬಾತುಗಳಿಗೆ ಒಂದೂವರೆ, ಪೊಟ್ಟಣದ ಕಟ್ಟುವಿಕೆಗೆ ಅರ್ಧ, ಹಣೆಪಟ್ಟಿಯ ಸತ್ಯಕ್ಕೆ ಸೊನ್ನೆ. ಬೂಷ್ಟು ಹಿಡಿದ ಪೊಟ್ಟಣ ಅಂಗಡಿಗೆ ವಾಪಸ್ಸಾಯಿತು. ಉಳಿದ ಎರಡರಲ್ಲಿ ಮಿಕ್ಕಿದ್ದನ್ನು ಬೂಷ್ಟಿಲ್ಲವೆಂದು ಒಂದೊಂದಾಗಿ ನೋಡಿ ಪಕ್ಕದ ಮನೆಯವರ ನಾಟಿಕೋಳಿಗಳಿಗೆ ಹಾಕಿದೆ. ಅವು ಎರಡು ನಿಮಿಷದಲ್ಲಿ ಮುಗಿಸಿ, ಆಮೇಲೆ ತಿಪ್ಪೆ ಕೆದಕಿ ಹುಳು ಹುಡುಕಲು ಹೋದವು.